ಹೂಮಳೆಗೆ ಮುಂಚಿನ ಅರ್ಧ ಗಂಟೆ

ಮಾರ್ಚ್ 4 ರಾಷ್ಟ್ರೀಯ ಸುರಕ್ಷತಾ ದಿನ. 1966ರಲ್ಲಿ ಅದೇ ದಿನ ರಾಷ್ಟ್ರೀಯ ಸುರಕ್ಷತಾ ಮಂಡಳಿ ಸ್ಥಾಪನೆಯಾದ ನೆನಪಿಗೆ ಕಾರ್ಖಾನೆಗಳಲ್ಲಿ ಬ್ಯಾನರ್ ಕಟ್ಟಿ, ಪ್ರತಿಜ್ಞೆ ಓದಿಸಿ, ಎದೆಗೊಂದು ಬ್ಯಾಡ್ಜ್ ಚುಚ್ಚುತ್ತಾರೆ. ಕೊಡಗಿನ ಮಟ್ಟಿಗೆ ಈ ತಾರೀಖು ಸರಿಯಾದ ಹೊತ್ತಿಗೇ ಬೀಳುತ್ತದೆ. ರೊಬಸ್ಟಾ ಕಾಫಿಯ ಕೊಯ್ಲು ಮುಗಿಯುತ್ತ ಬಂದಿರುತ್ತದೆ, ಒಣಗಿದ ಕಾಫಿ ಹಣ್ಣು, ಅಂದರೆ ಚೆರ್ರಿ, ಪಿಕಪ್‌ಗಳಲ್ಲಿ, ಟ್ರ್ಯಾಕ್ಟರ್‌ಗಳಲ್ಲಿ ಕುಶಾಲನಗರದ ಕಡೆ ಇಳಿಯುತ್ತಿರುತ್ತದೆ, ಕೂಡ್ಲೂರು ಕೈಗಾರಿಕಾ ಪ್ರದೇಶದಲ್ಲಿ ಕಾಫಿ ಹಸನು ಮಾಡುವ ಕ್ಯೂರಿಂಗ್ ವರ್ಕ್ಸ್‌ಗಳಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಇದರ ಮೇಲೆ ಕಾಫಿ ಗಿಡ ಹೂ ಬಿಡಿಸುವ ಹೂಮಳೆ ಯಾವ ಮಧ್ಯಾಹ್ನ ಬೇಕಾದರೂ ಬರಬಹುದು. ಅಂಥದ್ದೊಂದು ವಾರ ಅಲ್ಲಿನ ಒಂದು ಗೋದಾಮಿನಲ್ಲಿ ಬೆಳಗಿನಿಂದ ಸಂಜೆವರೆಗೆ ಚೀಲದ ಹೊರೆ ಎತ್ತಿ ಸಾಗಿಸುವ ಫೋರ್ಕ್‌ಲಿಫ್ಟ್‌ನ ಹಿಂದೆಯೇ ಇದ್ದು ನೋಡಿದ್ದು ಇದು. ಹಿಂದೆಯೇ ಅಂದರೆ ನಾಲ್ಕು ಮೀಟರ್ ದೂರದಲ್ಲಿ. ಅದಕ್ಕಿಂತ ಹತ್ತಿರ ಯಾರೂ ನಿಲ್ಲಬಾರದು, ಕಾರಣ ಮುಂದೆ ಬರುತ್ತದೆ.

ಯಂತ್ರ 2 ಟನ್ನಿನದು, ಬ್ಯಾಟರಿಯಲ್ಲಿ ಓಡುವಂಥದ್ದು. ಕಾಫಿ ಗೋದಾಮಿಗೆ ಡೀಸೆಲ್ ಯಂತ್ರ ತರಬಾರದು ಎನ್ನುವುದಕ್ಕೆ ಎರಡು ಕಾರಣ. ಮುಚ್ಚಿದ ಜಾಗದಲ್ಲಿ ಹೊಗೆಯೊಳಗಿನ ಕಾರ್ಬನ್ ಮಾನಾಕ್ಸೈಡ್ ಒಂದು. ಎರಡನೆಯದು ಮಾಲೀಕರಿಗೆ ಬೇಗ ಅರ್ಥವಾಗುವಂಥದ್ದು: ಕಾಫಿ ಬೀಜ ಸುತ್ತಲಿನ ವಾಸನೆಯನ್ನೆಲ್ಲ ಹೀರಿಕೊಳ್ಳುತ್ತದೆ, ಡೀಸೆಲ್ ನಾತ ಹತ್ತಿದ ಲಾಟು ರುಚಿ ನೋಡುವ ಕಪ್ಪಿನಲ್ಲಿ ಸಿಕ್ಕಿಬೀಳುತ್ತದೆ. ಕೆಲಸಗಾರರ ಶ್ವಾಸಕೋಶಕ್ಕಾಗಿ ಬಾರದ ಬ್ಯಾಟರಿ ಯಂತ್ರ ಕಾಫಿಯ ರುಚಿಗಾಗಿ ಬಂದಿದ್ದರೂ ಬೇಡ ಅನ್ನುವುದೇಕೆ?

ಬೆಳಗ್ಗೆ ಕೀಲಿ ತಿರುಗಿಸುವ ಮುಂಚೆ ಡ್ರೈವರ್ ಯಂತ್ರದ ಸುತ್ತ ಒಂದು ಸುತ್ತು ಬಂದರು. ಹತ್ತು ನಿಮಿಷದ ಕೆಲಸ. ಮೊದಲು ನೆಲ: ರಾತ್ರಿ ನಿಂತ ಜಾಗದಲ್ಲಿ ಹೈಡ್ರಾಲಿಕ್ ಎಣ್ಣೆ ತೊಟ್ಟಿಕ್ಕಿದೆಯೇ? ಆಮೇಲೆ ಟೈರು, ಚಕ್ರದ ನಟ್ಟು, ಫೋರ್ಕ್ (ಹೊರೆಯ ಅಡಿಗೆ ತೂರುವ ಉಕ್ಕಿನ ಅಲಗು) ಜಾರದಂತೆ ಹಿಡಿದಿರುವ ಪಿನ್ನು, ಅದು ಮೇಲೆ ಕೆಳಗೆ ಓಡುವ ಕಂಬ, ಅಂದರೆ ಮಾಸ್ಟಿನ ಎರಡೂ ಚೈನು ಸಮನಾಗಿ ಬಿಗಿ ಇವೆಯೇ ಅನ್ನುವುದು. ಸೀಟಿಗೆ ಕೂತ ಮೇಲೆ ಬೆಲ್ಟ್, ಹಾರ್ನ್, ಬ್ರೇಕ್, ಹ್ಯಾಂಡ್‌ಬ್ರೇಕ್, ರಿವರ್ಸ್ ಬಜರ್. ಕೊನೆಗೆ ಒಂದು ಪ್ಯಾಲೆಟ್ಟನ್ನು (ಚೀಲ ಪೇರಿಸುವ ಮರದ ಅಡಿಹಲಗೆ) ಮೊಣಕಾಲೆತ್ತರಕ್ಕೆ ಎತ್ತಿ ಸ್ವಲ್ಪ ಹೊತ್ತು ಹಾಗೇ ಬಿಟ್ಟು ನೋಡುವುದು. ತಾನಾಗಿ ಕೆಳಗೆ ಜಾರುತ್ತಿದ್ದರೆ ಒಳಗೆ ಎಲ್ಲೋ ಎಣ್ಣೆ ಸೋರುತ್ತಿದೆ ಎಂದೇ ಲೆಕ್ಕ, ಅವತ್ತು ಆ ಯಂತ್ರಕ್ಕೆ ರಜೆ.

ಹೆಚ್ಚಿನವರು ನೋಡದೆ ಬಿಡುವುದು ಫೋರ್ಕಿನ ಮೊಣಕೈಯನ್ನು, ಅಂದರೆ ಅಡ್ಡ ಅಲಗು ಮೇಲಕ್ಕೆ ತಿರುಗುವ ಜಾಗವನ್ನು. ದಿನವಿಡೀ ನೆಲಕ್ಕೆ ಉಜ್ಜಿ ಸವೆಯುವುದು ಅಲ್ಲೇ, ಭಾರವೆಲ್ಲ ಬೀಳುವುದೂ ಅಲ್ಲೇ. ಫೋರ್ಕಿನ ಮೇಲಕ್ಕೆದ್ದ ನೇರ ಭಾಗ ಸವೆಯುವುದಿಲ್ಲವಾದ್ದರಿಂದ ಅಲ್ಲಿ ಕ್ಯಾಲಿಪರ್ ಹಿಡಿದರೆ ಮೂಲ ದಪ್ಪ ಸಿಗುತ್ತದೆ. ಅಲ್ಲಿ 40 ಮಿ.ಮೀ. ಇದ್ದು ಮೊಣಕೈಯಲ್ಲಿ 36 ಆಗಿದ್ದರೆ ಶೇ. 10 ಸವೆದ ಹಾಗಾಯಿತು, ಫೋರ್ಕ್ ಬದಲಿಸಲೇಬೇಕು. ಶೇ. 10 ಸವೆತಕ್ಕೆ ಹೊರುವ ಶಕ್ತಿ ಶೇ. 20ರಷ್ಟು ಇಳಿದಿರುತ್ತದೆ. ಅದಕ್ಕೆ ಗ್ಯಾಸ್ ವೆಲ್ಡಿಂಗ್ ಹಾಕಿಸಿ ದಪ್ಪ ಮಾಡಿಸುವ ಉಪಾಯ ಬೇಡ, ಕಾಯಿಸಿದ ಉಕ್ಕು ಮೊದಲಿನ ಉಕ್ಕಲ್ಲ. ಚೈನಿನದು ಶೇ. 3ರ ಲೆಕ್ಕ: ಹೊಸದರಲ್ಲಿ 1000 ಮಿ.ಮೀ. ಇದ್ದ ಉದ್ದ 1030ಕ್ಕೆ ಎಳೆದಿದ್ದರೆ ಅದು ಮುಗಿಯಿತು.

ಒಂಬತ್ತರ ಹೊತ್ತಿಗೆ ಕ್ಲೀನ್ ಕಾಫಿಯ, ಅಂದರೆ ಸಿಪ್ಪೆ ಬಿಡಿಸಿ ಹಸನಾದ ಬೀಜದ, ಲಾಟೊಂದನ್ನು ಜಾಗ ಬದಲಿಸುವ ಕೆಲಸ ಶುರುವಾಯಿತು. ಒಂದು ಪ್ಯಾಲೆಟ್ಟಿಗೆ 60 ಕಿಲೋದ ಗೋಣಿಚೀಲ 15, ಪದರಕ್ಕೆ ಮೂರರಂತೆ ಐದು ಪದರ, ಒಟ್ಟು 900 ಕಿಲೋ. ಎರಡು ಪ್ಯಾಲೆಟ್ ಒಂದರ ಮೇಲೊಂದು ಇಟ್ಟು ಒಟ್ಟಿಗೇ ಎತ್ತಬಹುದಲ್ಲ ಎಂದು ಗೋದಾಮಿನ ಲೆಕ್ಕ ಬರೆಯುವ ರೈಟರ್ ಕೇಳಿದರು. 1800 ಕಿಲೋ, ಯಂತ್ರ 2000 ಕಿಲೋದ್ದು. ಲೆಕ್ಕ ಸರಿ ಕಾಣುತ್ತದೆ, ಆದರೆ ಯಂತ್ರದ ತಗಡಿನ ಮೇಲೆ 2000ದ ಪಕ್ಕ ಇನ್ನೊಂದು ಅಂಕಿ ಇದೆ: 500 ಮಿ.ಮೀ. ಹೊರೆಯ ನಡುಬಿಂದು ಫೋರ್ಕಿನ ನೇರ ಭಾಗದಿಂದ ಅರ್ಧ ಮೀಟರಿನೊಳಗೆ ಇದ್ದರೆ ಮಾತ್ರ 2000. ಒಂದು ಮೀಟರ್ ಉದ್ದದ ಪ್ಯಾಲೆಟ್ಟಿಗೆ ಫೋರ್ಕ್ ಪೂರ್ತಿ ತೂರಿದರೆ ನಡುಬಿಂದು ಸರಿಯಾಗಿ 500ಕ್ಕೆ ಬರುತ್ತದೆ. ಆತುರದಲ್ಲಿ ಒಂದು ಗೇಣು, ಅಂದರೆ ಸುಮಾರು 200 ಮಿ.ಮೀ., ಹಿಂದೆಯೇ ನಿಲ್ಲಿಸಿ ಎತ್ತಿದರೆ 700 ಆಯಿತು. ಮುಂದಿನ ಚಕ್ರದ ಅಚ್ಚಿನಿಂದ ಫೋರ್ಕಿನ ಮುಖಕ್ಕೆ 400 ಮಿ.ಮೀ. ಎಂದಿಟ್ಟುಕೊಳ್ಳಿ: 2000ವನ್ನು 900ರಿಂದ (400+500) ಗುಣಿಸಿ 1100ರಿಂದ (400+700) ಭಾಗಿಸಿದರೆ ಸಿಗುವುದು 1636 ಕಿಲೋ. ಹೊರೆ 1800, ಮೇಲೆ ಮರದ ಪ್ಯಾಲೆಟ್ಟಿನ ತೂಕ ಬೇರೆ. ಹಿಂದಿನ ಚಕ್ರ ಹಗುರಾಗುವುದಕ್ಕೆ ಇಷ್ಟು ಸಾಕು. ಸ್ಟೀರಿಂಗ್ ಇರುವುದು ಹಿಂದಿನ ಚಕ್ರಕ್ಕೆ, ಅದು ನೆಲ ಬಿಟ್ಟರೆ ಯಂತ್ರ ಹೇಳಿದ ಮಾತು ಕೇಳುವುದಿಲ್ಲ. ಎತ್ತರ ಹೋದಷ್ಟೂ, ಮಾಸ್ಟ್ ಮುಂದಕ್ಕೆ ಬಾಗಿಸಿದಷ್ಟೂ ಮಿತಿ ಇನ್ನೂ ಇಳಿಯುತ್ತದೆ. ರೈಟರ್ ಈ ಲೆಕ್ಕವನ್ನು ತಮ್ಮ ಡೈರಿಯಲ್ಲಿ ಬರೆದುಕೊಂಡರು.

ಚೀಲ ಪೇರಿಸುವ ಕ್ರಮವನ್ನು ಹಮಾಲರಿಗೆ ಹೇಳಿಕೊಡಬೇಕಾಗಿಲ್ಲ. ಒಂದು ಪದರದ ಸಂದಿನ ಮೇಲೆ ಮುಂದಿನ ಪದರದ ಚೀಲ ಅಡ್ಡ ಕೂರಬೇಕು. ಸೆಣಬಿನ ಚೀಲ ಒಂದನ್ನೊಂದು ಕಚ್ಚಿ ಹಿಡಿಯುತ್ತದೆ, ಪ್ಲಾಸ್ಟಿಕ್ ಚೀಲ ಜಾರುತ್ತದೆ, ಅದನ್ನು ಒಂದು ಪದರ ಕಡಿಮೆ ಇಟ್ಟು ಹಗ್ಗ ಸುತ್ತುವುದೇ ಮೇಲು. ಹೊರೆ ಹೊತ್ತು ಓಡಿಸುವಾಗ ಫೋರ್ಕ್ ನೆಲದಿಂದ 15-20 ಸೆಂ.ಮೀ. ಮಾತ್ರ ಮೇಲೆ, ಮಾಸ್ಟ್ ಹಿಂದಕ್ಕೆ ವಾಲಿರಬೇಕು. ಹೊರೆ ಕಣ್ಣಿಗೆ ಅಡ್ಡ ಬಂದರೆ ರಿವರ್ಸಿನಲ್ಲೇ ಹೋಗಬೇಕು. ಕತ್ತು ನೋಯುತ್ತದೆ ಎಂಬುದು ನಿಜವಾದ ದೂರು. ಆದ್ದರಿಂದಲೇ ಪೇರಿಸುವ ಎತ್ತರ ಡ್ರೈವರ್ ಕಣ್ಣಿನ ಮಟ್ಟಕ್ಕಿಂತ ಕೆಳಗಿದ್ದರೆ ಎಲ್ಲರಿಗೂ ಸುಖ.

ಹನ್ನೊಂದಕ್ಕೆ ಲಾರಿ ಬಂತು. ಕಟ್ಟೆಗೆ ಹಿಂಬದಿ ಒತ್ತಿ ನಿಂತ ಲಾರಿಯೊಳಗೆ ಫೋರ್ಕ್‌ಲಿಫ್ಟ್ ನುಗ್ಗಿ ಬ್ರೇಕ್ ಹಾಕಿದಾಗಲೆಲ್ಲ ಲಾರಿ ಕೂದಲೆಳೆಯಷ್ಟು ಮುಂದೆ ಸರಿಯುತ್ತದೆ. ಒಂದೊಂದು ಸಲಕ್ಕೆ ಗೊತ್ತೇ ಆಗುವುದಿಲ್ಲ, ಇಪ್ಪತ್ತನೆಯ ಸಲಕ್ಕೆ ಕಟ್ಟೆಗೂ ಲಾರಿಗೂ ನಡುವೆ ಹಾಸಿದ ತಗಡು ಜಾರಿ ಚಕ್ರ ಸಂದಿಗೆ ಬೀಳುತ್ತದೆ. ಇಲ್ಲಿ ಎರಡೂ ಹಿಂದಿನ ಟೈರಿಗೆ ಮರದ ಅಡ್ಡೆ ಕೊಟ್ಟಿದ್ದರು, ಲಾರಿಯ ಕೀಲಿ ರೈಟರ್ ಜೇಬಿನಲ್ಲಿತ್ತು. ಕೀಲಿಯ ಈ ಪದ್ಧತಿ ತುಂಬ ಒಳ್ಳೆಯದು. ಟೀ ಕುಡಿದು ಬಂದ ಲಾರಿ ಡ್ರೈವರ್ ಲೋಡ್ ಮುಗಿಯಿತೆಂದು ತಿಳಿದು ಗಾಡಿ ಎಬ್ಬಿಸಿದ ಕಥೆ ಯಾವ ಊರಿನ ಗೋದಾಮಿನಲ್ಲಾದರೂ ಒಂದು ಸಿಗುತ್ತದೆ.

ಇಷ್ಟೆಲ್ಲ ಅಚ್ಚುಕಟ್ಟಾಗಿದ್ದ ಜಾಗದಲ್ಲಿ ಬೆಳಗಿನಿಂದ ಕಣ್ಣಿಗೆ ಚುಚ್ಚುತ್ತಿದ್ದದ್ದು ಬಾಗಿಲು. ಕಣದಿಂದ ಗೋದಾಮಿಗೆ ಇರುವುದು ಒಂದೇ ಬಾಗಿಲು. ಫೋರ್ಕ್‌ಲಿಫ್ಟಿಗೂ ಅದೇ, ಹಮಾಲರಿಗೂ ಅದೇ, ಕಾಫಿ ಹಸನು ಮಾಡುವ ಹೆಂಗಸರು ಶೌಚಾಲಯಕ್ಕೆ, ಟೀಗೆ ಹೋಗುವುದೂ ಅದರಲ್ಲೇ. ಹೊರಗೆ ಮಾರ್ಚ್ ಬಿಸಿಲಿಗೆ ಸಿಮೆಂಟ್ ಕಣ ಬೆಳ್ಳಗೆ ಹೊಳೆಯುತ್ತದೆ, ಒಳಗೆ ಮಬ್ಬು. ಬಿಸಿಲಿನಿಂದ ನೆರಳಿಗೆ ನುಗ್ಗಿದ ಕಣ್ಣು ಹೊಂದಿಕೊಳ್ಳಲು ಕೆಲವು ಸೆಕೆಂಡ್ ಬೇಕು. ಗಂಟೆಗೆ 10 ಕಿ.ಮೀ. ವೇಗವೆಂದರೆ ಸೆಕೆಂಡಿಗೆ ಸುಮಾರು 2.8 ಮೀಟರ್. ಮೂರು ಸೆಕೆಂಡ್ ಕುರುಡಾಗಿದ್ದರೆ ಎಂಟು ಮೀಟರಿಗೂ ಹೆಚ್ಚು ದೂರ ಯಂತ್ರ ಕಣ್ಣಿಲ್ಲದೆ ಓಡಿದ ಹಾಗೆ. ಬಾಗಿಲ ಪಕ್ಕ ‘ನಿಧಾನ, ಹಾರ್ನ್ ಮಾಡಿ’ ಎಂದು ಕನ್ನಡದಲ್ಲಿ ದಪ್ಪಕ್ಷರದ ಬೋರ್ಡ್ ಇತ್ತು. ಅಸ್ಸಾಮಿನಿಂದ ಬಂದ ಹಮಾಲ ಹುಡುಗರಿಗೆ ಅದು ಗೋಡೆಯ ಅಲಂಕಾರ.

ಮೂರೂಕಾಲಿಗೆ ಪಡುವಣ ಬೆಟ್ಟದ ಕಡೆ ಮೋಡ ಕಟ್ಟಿತು. ತೋಟದವರು ಕೈಮುಗಿದು ಬರಮಾಡಿಕೊಳ್ಳುವ ಮಳೆ ಕ್ಯೂರಿಂಗ್ ಕಣಕ್ಕೆ ಮಾತ್ರ ವೈರಿ. ಹೊರಗೆ ಚೆರ್ರಿ ಚೀಲದ ಪ್ಯಾಲೆಟ್ಟುಗಳು ಸಾಲಾಗಿ ನಿಂತಿದ್ದವು. ಮೇಸ್ತ್ರಿ ಕೂಗಿದ್ದು ಒಂದೇ ಮಾತು: “ಬೇಗ ಬೇಗ ಎತ್ರೋ, ಬಂದೇಬಿಡ್ತು!” ಆಮೇಲಿನ ಅರ್ಧ ಗಂಟೆಯಲ್ಲಿ ಬೆಳಗಿನ ನಿಯಮಗಳು ಒಂದೊಂದಾಗಿ ಬಿದ್ದುಹೋದವು. ಮೊದಲು ಬೆಲ್ಟ್ ಹೋಯಿತು, ಇಳಿದು ಹತ್ತುವುದಕ್ಕೆ ಅಡ್ಡಿ ಎಂದು. ಆಮೇಲೆ ರಿವರ್ಸಿನಲ್ಲಿ ಓಡಿಸುವ ನಿಯಮ ಹೋಯಿತು. ಒಬ್ಬ ಹುಡುಗ ಖಾಲಿ ಫೋರ್ಕಿನ ಮೇಲೆ ಹತ್ತಿ ನಿಂತ, ಎತ್ತರದ ಅಟ್ಟಿಗೆ ಟಾರ್ಪಾಲು ಎಳೆಯಲು. ಡ್ರೈವರ್ ಎತ್ತಲಿಲ್ಲ, ಇಳಿ ಎಂದು ಗದರಿಸಿದರು, ಅಷ್ಟರಮಟ್ಟಿಗೆ ಪುಣ್ಯ. ಮನುಷ್ಯರನ್ನು ಎತ್ತುವುದಾದರೆ ಸುತ್ತ ಕಟಕಟೆ ಇರುವ ಬುಟ್ಟಿ ಬೇಕು, ಅದನ್ನು ಮಾಸ್ಟಿಗೆ ಸರಪಳಿಯಲ್ಲಿ ಬಿಗಿದಿರಬೇಕು, ಒಳಗಿದ್ದವನು ಬೀಳದಂತೆ ಹಿಡಿಯುವ ಪಟ್ಟಿ (ಹಾರ್ನೆಸ್) ತೊಟ್ಟಿರಬೇಕು, ಡ್ರೈವರ್ ಸೀಟು ಬಿಟ್ಟು ಏಳಬಾರದು. ಇಲ್ಲದಿದ್ದರೆ ಏಣಿ ಇದೆಯಲ್ಲ.

ಬಾಗಿಲಲ್ಲಿ ಆಗಿದ್ದು ಹೀಗೆ. ಹೊರೆ ಇಳಿಸಿದ ಯಂತ್ರ ಖಾಲಿಯಾಗಿ ವೇಗದಲ್ಲಿ ಹೊರಟು ಬಾಗಿಲ ಹತ್ತಿರ ಎಡಕ್ಕೆ ತಿರುಗಿತು. ಅದೇ ಹೊತ್ತಿಗೆ ಹೆಂಗಸೊಬ್ಬರು ಕಣದಲ್ಲಿ ಒಣಹಾಕಿದ್ದ ಚೀಲಗಳನ್ನು ಎತ್ತಿಕೊಂಡು ಓಡಿ ಬರುತ್ತಿದ್ದರು. ಯಂತ್ರದ ಮುಂಭಾಗ ತಮ್ಮನ್ನು ದಾಟಿದ್ದನ್ನು ಕಂಡು ದಾರಿ ಬಿಡುವಾಯಿತು ಎಂದುಕೊಂಡು ಬಲಬದಿಯಿಂದ ನುಗ್ಗಿದರು. ಹಿಂದಿನ ಚಕ್ರ ತಿರುಗುವ ಯಂತ್ರ ಎಡಕ್ಕೆ ಹೊರಳಿದಾಗ ಅದರ ಬಾಲ ಬಲಕ್ಕೆ ಬೀಸುತ್ತದೆ. ಕಾರು, ಬಸ್ಸು ನೋಡಿ ಬೆಳೆದ ಕಣ್ಣಿಗೆ ಇದು ಹೊಳೆಯುವುದಿಲ್ಲ. “ಅಣ್ಣಾ, ನಿಲ್ಸಿ!” ಎಂದು ಯಾರೋ ಕಿರುಚಿದರು. ಬಾಲಕ್ಕೂ ಬಾಗಿಲ ಕಂಬಕ್ಕೂ ನಡುವೆ ಸಿಕ್ಕಿದ್ದು ಚೀಲದ ಕಟ್ಟು ಮಾತ್ರ. ಹೆಂಗಸು ಕೈಬಿಟ್ಟು ಹಿಂದೆ ಜಿಗಿದಿದ್ದರು.

ಸೇರಿದವರೆಲ್ಲ ಡ್ರೈವರನ್ನು ಬೈದರು. ಬೈಯಬೇಕಾದ್ದು ಇದ್ದೇ ಇತ್ತು, ಆದರೆ ಅವರನ್ನು ಕೆಲಸದಿಂದ ತೆಗೆದು ಇನ್ನೊಬ್ಬರನ್ನು ತಂದರೂ ಮುಂದಿನ ಮಳೆಗೆ ಅದೇ ಬಾಗಿಲಲ್ಲಿ ಅದೇ ಆಗುತ್ತದೆ. ಇನ್ನೊಂದು ತಪ್ಪು ತಿಳಿವಳಿಕೆ, ಖಾಲಿ ಯಂತ್ರ ಅಪಾಯವಲ್ಲ ಎಂಬುದು. ಮುಂದಿನ ಎರಡು ಚಕ್ರ ಮತ್ತು ಹಿಂದಿನ ಅಚ್ಚಿನ ನಡುಗೀಲು, ಈ ಮೂರು ಬಿಂದು ಸೇರಿಸಿ ಗೆರೆ ಎಳೆದರೆ ಒಂದು ತ್ರಿಕೋನ. ಯಂತ್ರದ ತೂಕದ ನಡುಬಿಂದು ಅದರೊಳಗೆ ಇರುವಷ್ಟು ಹೊತ್ತು ಯಂತ್ರ ನಿಂತಿರುತ್ತದೆ. ಹೊರೆ ಇಲ್ಲದಾಗ ಆ ಬಿಂದು ಹಿಂದಕ್ಕೆ, ತ್ರಿಕೋನ ಕಿರಿದಾಗುವ ಕಡೆಗೆ ಸರಿದಿರುತ್ತದೆ. ವೇಗದ ತಿರುವಿನಲ್ಲಿ ಖಾಲಿ ಯಂತ್ರ ಪಕ್ಕಕ್ಕೆ ಉರುಳುವುದು ಇದರಿಂದ. ಉರುಳಿದರೆ ಹೊರಗೆ ಹಾರಿದವರ ಮೇಲೆಯೇ ತಲೆಯ ಮೇಲಿನ ಕಬ್ಬಿಣದ ಚೌಕಟ್ಟು ಬೀಳುತ್ತದೆ. ಬೆಲ್ಟ್ ಹಾಕಿಕೊಂಡು, ಸ್ಟೀರಿಂಗ್ ಗಟ್ಟಿ ಹಿಡಿದು, ಕಾಲು ಊರಿ, ಉರುಳುವ ದಿಕ್ಕಿಗೆ ವಿರುದ್ಧ ವಾಲಿ ಒಳಗೇ ಕೂರಬೇಕು. ಮನಸ್ಸು ಹಾರು ಅನ್ನುತ್ತದೆ, ಆದ್ದರಿಂದ ಇದನ್ನು ನಿಂತ ಯಂತ್ರದಲ್ಲಿ ಕೂರಿಸಿ ಅಭ್ಯಾಸ ಮಾಡಿಸಬೇಕು.

ಮಳೆ ಇಪ್ಪತ್ತು ನಿಮಿಷ ಹೊಯ್ದು ನಿಂತಿತು. ಸಂಜೆ ಮೇಸ್ತ್ರಿ, ರೈಟರ್, ಡ್ರೈವರ್, ಹಸನು ಮಾಡುವ ಹೆಂಗಸರ ಪರವಾಗಿ ಇಬ್ಬರು ಬಾಗಿಲಲ್ಲೇ ನಿಂತು ತೀರ್ಮಾನ ಮಾಡಿದರು. ಪಕ್ಕದ ಗೋಡೆಯಲ್ಲಿ ಮುಚ್ಚಿಹೋಗಿದ್ದ ಸಣ್ಣ ಬಾಗಿಲನ್ನು ಅದಕ್ಕೆ ಅಡ್ಡವಿದ್ದ ಅಟ್ಟಿ ಸರಿಸಿ ತೆರೆಯುವುದು, ಜನ ಇನ್ನು ಅದರಲ್ಲೇ ಓಡಾಡುವುದು. ಅಲ್ಲಿಂದ ಹಸನಿನ ಕೋಣೆವರೆಗೆ ಒಂದು ಮೀಟರ್ ಅಗಲದ ದಾರಿಗೆ ಹಳದಿ ಗೆರೆ. ಗೆರೆಯನ್ನು ಚಕ್ರ ತುಳಿಯುತ್ತದೆ, ಆದ್ದರಿಂದ ದೊಡ್ಡ ಬಾಗಿಲ ಬಳಿ ಕಬ್ಬಿಣದ ಪೈಪಿನ ಕಟಕಟೆಯೂ ಬೇಕು. ಒಳಗೆ ಬಾಗಿಲ ಮೇಲೆ ಎರಡು ಪ್ರಖರ ದೀಪ, ಹಗಲಲ್ಲೂ ಉರಿಯುವಂತೆ. ಮೂಲೆಗೆ ಉಬ್ಬು ಕನ್ನಡಿ. ಅಕ್ಷರದ ಬೋರ್ಡಿನ ಪಕ್ಕ ಚಿತ್ರದ ಬೋರ್ಡ್. ಮೋಡ ಕಟ್ಟಿದ ದಿನ ಕಣದ ಪ್ಯಾಲೆಟ್ಟುಗಳಿಗೆ ಮಧ್ಯಾಹ್ನ ಊಟಕ್ಕೆ ಮುಂಚೆಯೇ ಟಾರ್ಪಾಲು. ಪಟ್ಟಿಯಲ್ಲಿ ಎಲ್ಲಕ್ಕಿಂತ ಅಗ್ಗದ್ದು ಈ ಕೊನೆಯದೇ, ಹೆಚ್ಚು ಉಪಯೋಗದ್ದೂ ಇದೇ, ಆತುರವೇ ಹುಟ್ಟದ ಹಾಗೆ ಮಾಡುತ್ತದಲ್ಲ.

ಆರಕ್ಕೆ ಯಂತ್ರ ಚಾರ್ಜಿಂಗ್ ಮೂಲೆಗೆ ಬಂತು. ಫೋರ್ಕ್ ನೆಲಕ್ಕೆ, ಗೇರ್ ನ್ಯೂಟ್ರಲ್, ಹ್ಯಾಂಡ್‌ಬ್ರೇಕ್, ಕೀಲಿ ಆಫೀಸಿಗೆ. ಚಾರ್ಜ್ ಆಗುವಾಗ ಬ್ಯಾಟರಿಯಿಂದ ಹೈಡ್ರೋಜನ್ ಬರುತ್ತದೆ, ಗಾಳಿಯಲ್ಲಿ ಅದು ಶೇ. 4 ತಲುಪಿದರೆ ಒಂದು ಕಿಡಿ ಸಾಕು. ಹಾಗಾಗಿ ಕಿಟಕಿ ತೆರೆದಿರಬೇಕು, ಬೀಡಿ ದೂರ ಇರಬೇಕು, ಪ್ಲಗ್ ಕೀಳುವ ಮುಂಚೆ ಚಾರ್ಜರ್ ಆಫ್ ಮಾಡಬೇಕು. ಡಿಸ್ಟಿಲ್ಡ್ ನೀರು ತುಂಬುವುದು ಚಾರ್ಜ್ ಮುಗಿದ ಮೇಲೆ. ಮುಂಚೆ ತುಂಬಿದರೆ ಆಸಿಡ್ ಉಕ್ಕಿ ಹೊರಗೆ ಬರುತ್ತದೆ. ಕಣ್ಣಿಗೆ ಸಿಡಿದರೆ ಹದಿನೈದು ನಿಮಿಷ ಬಿಡದೆ ನೀರು ಹಾಯಿಸಬೇಕು, ನಲ್ಲಿ ಆ ಮೂಲೆಯಲ್ಲೇ ಇರಬೇಕು.

ಜೂನ್‌ಗೆ ಮುಂಚೆ ಆಗಬೇಕಾದ್ದು ಇನ್ನೊಂದಿದೆ. ಈ ಬಾಗಿಲ ಮುಂದೆ ಮೂರ್ನಾಲ್ಕು ಮೀಟರ್ ಮಾಡು ಇಳಿಸಿ, ಒಳಗೆ ಕಾಲಿಡುವಲ್ಲಿ ಒರಟು ರಬ್ಬರ್ ಹಾಸು ಹಾಕುವುದು. ಕೊಡಗಿನ ಮುಂಗಾರಿನಲ್ಲಿ ಒದ್ದೆ ಟೈರು ನಯವಾದ ಕಾಂಕ್ರೀಟಿನ ಮೇಲೆ ಬಂದಾಗ ಬ್ರೇಕ್ ಹಿಡಿದರೂ ಯಂತ್ರ ಜಾರುತ್ತದೆ. ಮಾಡಿನ ಅಳತೆಯನ್ನು ರೈಟರ್ ಅವತ್ತೇ ತೆಗೆದುಕೊಂಡರು.