ಪಾಲಾಗದ ಹುಣಸೆಮರ

ಮಂಡ್ಯ ಜಿಲ್ಲೆಯ ಕೊಕ್ಕರೆ ಬೆಳ್ಳೂರಿನಲ್ಲಿ ನನ್ನ ಗೆಳೆಯನ ಹಿತ್ತಿಲಿಗೆ ಅಡ್ಡಲಾಗಿ ಒಂದು ಗೋಡೆ ಇದೆ. ಅಣ್ಣತಮ್ಮಂದಿರು ಪಾಲಾದ ವರ್ಷ ಕಟ್ಟಿಸಿದ್ದು. ಮನೆಯ ಕಡೆಯಿಂದ ನೆಟ್ಟಗೆ ಬರುವ ಆ ಸಿಮೆಂಟ್ ಇಟ್ಟಿಗೆಯ ಗೋಡೆ, ಹುಣಸೆಮರ ಇನ್ನೂ ಒಂದಷ್ಟು ದೂರ ಇರುವಾಗಲೇ ನಿಂತುಬಿಡುತ್ತದೆ. ಮರದ ಆಚೆಗೆ ಅಷ್ಟೇ ಜಾಗ ಬಿಟ್ಟು ಮತ್ತೆ ಶುರುವಾಗಿ ಹಿಂದಿನ ಬೇಲಿ ಸೇರುತ್ತದೆ. ಒಂದು ತೆಂಗಿನಮರಕ್ಕೆ ಕೋರ್ಟು ಹತ್ತಿದ ದಾಯಾದಿಗಳನ್ನು ನಾನು ಬಲ್ಲೆ. ಮರದಲ್ಲಿ ಗೂಡು ಕಟ್ಟುವ ಹಕ್ಕಿಗೋಸ್ಕರ ನಡುವೆ ತುಂಡಾದ ಗೋಡೆಯನ್ನು ಮಾತ್ರ ಅಲ್ಲಿ ತನಕ ಎಲ್ಲೂ ಕಂಡಿರಲಿಲ್ಲ.

ಇವನು ನನ್ನ ಕಾಲೇಜು ದಿನಗಳ ಗೆಳೆಯ. ಮಂಡ್ಯದ ಹಾಸ್ಟೆಲಿನಲ್ಲಿ ಇಬ್ಬರೂ ಒಂದೇ ಕೋಣೆ. ಸಂಕ್ರಾಂತಿ ಹತ್ತಿರ ಬಂದರೆ ಸಾಕು, ಅವನಿಗೆ ಓದಿನಲ್ಲಿ ಮನಸ್ಸು ನಿಲ್ಲುತ್ತಿರಲಿಲ್ಲ. ಊರಿನ ಕಡೆಯವರು ಯಾರು ಸಿಕ್ಕರೂ ‘ಹಕ್ಕಿ ಬಂದ್ವಾ?’ ಅಂತಲೇ ಮೊದಲ ಮಾತು. ಹಾಸ್ಟೆಲಿನ ಸದ್ದಿಲ್ಲದ ರಾತ್ರಿಗಳಲ್ಲಿ ನಿದ್ದೆ ಬರುವುದಿಲ್ಲ ಅಂತ ಹೊರಳಾಡುತ್ತಿದ್ದ. ಮರಿಗಳ ಕಿರುಚಾಟದ ಕೆಳಗೆ ಬೆಳೆದ ಹುಡುಗ ಅವನು ಅಂತ ನನಗೆ ಆಗ ಗೊತ್ತಿರಲಿಲ್ಲ, ಬರೀ ಹೊರಳಾಟ ಕಾಣುತ್ತಿತ್ತು. ಆಮೇಲೆ ನಾನು ಬೆಂಗಳೂರು ಸೇರಿದೆ, ಅವನು ಊರಿಗೆ ಹೋಗಿ ಕಬ್ಬು, ಭತ್ತ, ಹಿಪ್ಪುನೇರಳೆ ಅಂತ ನಿಂತ. ಮದುವೆ, ತಿಥಿಗಳಲ್ಲಿ ಸಿಕ್ಕು ಮಾತಾಡಿಕೊಂಡದ್ದೇ ಹೆಚ್ಚು. ಈ ಸಲ ಮಾರ್ಚ್‌ನಲ್ಲಿ ಅವನೇ ಫೋನು ಮಾಡಿದ. ‘ಮರ ತುಂಬಾ ಮರಿ ಅವೆ. ಯಾವತ್ತೂ ನೆಟ್ಟಗೆ ನೋಡೇ ಇಲ್ಲ ನೀನು. ಈ ಭಾನುವಾರ ಬಂದ್ಬಿಡ್ಲಾ’ ಅಂದ.

ಮದ್ದೂರು ಸ್ಟೇಷನ್ನಿನಲ್ಲಿ ಇಳಿದಾಗ ಬೈಕು ನಿಲ್ಲಿಸಿಕೊಂಡು ಕಾಯುತ್ತಿದ್ದ. ಕೂದಲು ಪೂರ್ತಿ ಬೆಳ್ಳಗಾಗಿದೆ. ನಗು ಅದೇ. ದಾರಿಯುದ್ದಕ್ಕೂ ಕಬ್ಬಿನ ಗದ್ದೆ, ಅಲ್ಲೊಂದು ಇಲ್ಲೊಂದು ಆಲೆಮನೆಯ ಹೊಗೆ. ಊರು ಹತ್ತಿರವಾದಂತೆ ಮೊದಲು ಬಂದದ್ದು ವಾಸನೆ. ಹಸಿ ಮೀನು ಬಿಸಿಲಿಗೆ ಕಾದರೆ ಬರುತ್ತದಲ್ಲ, ಅದು. ಆಮೇಲೆ ಸದ್ದು. ಕೊನೆಗೆ, ಮೊದಲ ಮನೆಗಳ ಹೆಂಚಿನ ಮೇಲೆ ಹರಡಿಕೊಂಡ ಒಂದು ಹುಣಸೆಮರ. ಅದರ ನೆತ್ತಿಯಲ್ಲಿ ದೊಡ್ಡ ದೊಡ್ಡ ಹಕ್ಕಿಗಳು ಸಾಲಾಗಿ ನಿಂತಿದ್ದವು.

ದೊಡ್ಡ ಹಕ್ಕಿಗಳು ಊರ ನಡುವಿನ ಮರಗಳಲ್ಲೇ ಗೂಡು ಕಟ್ಟುತ್ತವೆ ಅಂತ ಓದುವುದು ಬೇರೆ, ಎದುರಿಗೆ ನೋಡುವುದು ಬೇರೆ. ಕೆಳಗೆ ಅಜ್ಜಿಯೊಬ್ಬಳು ರಾಗಿ ಕೇರುತ್ತಿದ್ದಾಳೆ, ಪಕ್ಕದಲ್ಲಿ ಎಮ್ಮೆ ಮೆಲುಕು ಹಾಕುತ್ತಿದೆ, ಹುಡುಗರು ಕ್ರಿಕೆಟ್ ಆಡುತ್ತಿದ್ದಾರೆ. ಅವರ ತಲೆಯ ಮೇಲೆ ರೆಕ್ಕೆ ಬಿಚ್ಚಿದರೆ ಎರಡು ಮೀಟರಿಗೂ ಮೀರಿ ಅಗಲವಾಗುವ ಹೆಜ್ಜಾರ್ಲೆ, ಅಂದರೆ ಪೆಲಿಕನ್, ಇಳಿಯುತ್ತದೆ. ಕೊಂಬೆ ಒಂದು ಸಲ ಕೆಳಗೆ ಬಾಗಿ ಮೇಲೆ ಬರುತ್ತದೆ. ಯಾರೂ ತಲೆಯೆತ್ತಿ ನೋಡುವುದಿಲ್ಲ. ಹಕ್ಕಿಯೂ ಅವರ ಕಡೆ ನೋಡುವುದಿಲ್ಲ. ನಾನೊಬ್ಬನೇ ಬೀದಿಯ ನಡುವೆ ಬಾಯಿ ಬಿಟ್ಟುಕೊಂಡು ನಿಂತಿದ್ದೆ.

‘ಒಳೀಕ್ ಬಾ ಮಗ, ಬಿಸ್ಲು’ ಅಂತ ಅವನ ಅವ್ವ ಕರೆದರು. ಎಂಬತ್ತು ದಾಟಿದೆ, ಕಣ್ಣು ಮಸುಕು. ಆದರೂ ಸದ್ದಿನಲ್ಲೇ ಯಾವ ಗೂಡಿಗೆ ಯಾವ ಹಕ್ಕಿ ಬಂತು ಅಂತ ಹೇಳುತ್ತಾರೆ. ಬಣ್ಣದ ಕೊಕ್ಕರೆ ಕೂಗುವುದಿಲ್ಲ. ಜೋಡಿ ಬಂದಾಗ ಕೊಕ್ಕನ್ನು ಕಟಕಟ ಬಡಿಯುತ್ತದೆ. ಹೆಜ್ಜಾರ್ಲೆಯಂತೂ ಹೆಚ್ಚುಕಡಿಮೆ ಮೂಕ ಹಕ್ಕಿ. ಊರು ಕೇಳುವ ಗದ್ದಲವೆಲ್ಲ ಮರಿಗಳದ್ದು. ಅವ್ವನ ಲೆಕ್ಕದಲ್ಲಿ ಇವು ಹೆರಿಗೆಗೆ ತವರಿಗೆ ಬರುವ ಹೆಣ್ಣುಮಕ್ಕಳು. ಊರಿನಲ್ಲಿ ಯಾರನ್ನು ಕೇಳಿದರೂ ಇದೇ ಮಾತು ಹೇಳುತ್ತಾರೆ, ಆದರೆ ಅವ್ವನ ಬಾಯಲ್ಲಿ ಅದು ಬರೀ ಮಾತಾಗಿ ಕೇಳಲಿಲ್ಲ. ‘ಹೆಜ್ಜಾರ್ಲೆ ಮೊದ್ಲು ಬತ್ತವೆ. ಕೊಕ್ಕರೆ ಆಮ್ಯಾಕೆ. ಮಳೆಗಾಲ ಹಿಡಿಯೋ ಹೊತ್ಗೆ ಮಕ್ಳು ಕರ್ಕೊಂಡು ಹೊಂಟೋಯ್ತವೆ. ಬಂದ ವರ್ಸ ಮಳೆ ಬೆಳೆ ಚೆಂದಾಗಿ ಆಯ್ತದೆ’ ಅಂದರು. ಹಿಂದೆ ಊರು ಶಿಂಷೆಯ ದಡದಲ್ಲಿತ್ತಂತೆ. ಪ್ಲೇಗು ಬಂದು ಜನ ಊರು ಬಿಟ್ಟು ಇಲ್ಲಿಗೆ ಬಂದಾಗ ಹಕ್ಕಿಗಳೂ ಹಿಂದೆಯೇ ಬಂದವು ಅಂತ ಅವರ ಅತ್ತೆ ಹೇಳುತ್ತಿದ್ದರಂತೆ.

ಈಚಿನ ಕಾಲದಲ್ಲಿ ಹೊರಗಿನವರ ಗಮನಕ್ಕೆ ಈ ಊರು ಬಂದದ್ದು 1976ರಲ್ಲಿ, ಅರಣ್ಯಾಧಿಕಾರಿಯಾಗಿದ್ದ ಎಸ್.ಜಿ. ನೇಗಿನಹಾಳರು ಬಂದು ನೋಡಿ ಬರೆದ ಮೇಲೆ. 2007ರಲ್ಲಿ ಸಮುದಾಯ ಮೀಸಲು ಪ್ರದೇಶ ಅಂತ ಘೋಷಣೆಯಾಯಿತು. ಅದಕ್ಕೂ ಎಷ್ಟೋ ಮೊದಲಿನಿಂದ ಈ ಜನ ತಮ್ಮ ಪಾಡಿಗೆ ಹಕ್ಕಿಗಳ ಜೊತೆ ಬದುಕುತ್ತಿದ್ದಾರೆ, ಕಾಗದ ಪತ್ರ ಏನೂ ಇಲ್ಲದೆ.

ಬದುಕುವುದು ಅಂದರೆ ಏನು ಅಂತ ಅವನ ಹೆಂಡತಿ ಹೇಳಿದರು. ‘ಅಣ್ಣಾ, ನೀವು ಒಂದಿನ ನೋಡಿ ಚೆಂದ ಅಂತೀರ. ಆರು ತಿಂಗ್ಳು ನಾವು ಅಂಗಳದಲ್ಲಿ ಬಟ್ಟೆ ಒಣಗಾಕಂಗಿಲ್ಲ. ಹಪ್ಪಳ ಸಂಡಿಗೆ ಇಡಂಗಿಲ್ಲ. ಬಾವಿ ಬಾಯಿ ಮುಚ್ಚಿಕ್ಕಬೇಕು.’ ಅದರಲ್ಲಿ ದೂರು ಇತ್ತು, ಇರಲೇಬೇಕು. ಶೀಟು ಹೊದಿಸಿದ ಕೊಟ್ಟಿಗೆ ಸುಣ್ಣ ಬಳಿದ ಹಾಗೆ ಬೆಳ್ಳಗಾಗಿತ್ತು. ಮೇಲಿನಿಂದ ಅರ್ಧ ನುಂಗಿದ ಮೀನು ಬೀಳುತ್ತದೆ, ಅದಕ್ಕೆ ಬೆಕ್ಕು, ನಾಯಿ, ಇರುವೆ. ಮರದ ಹಣ್ಣೂ ಕೈಗೆ ಬರುವುದಿಲ್ಲ. ಹುಣಸೆ ಹಣ್ಣಾಗುವ ಹೊತ್ತಿಗೆ ಸರಿಯಾಗಿ ಗೂಡಿನಲ್ಲಿ ಮರಿ ಇರುತ್ತವೆ. ಗಳ ಹಿಡಿದು ಕೊಂಬೆ ಬಡಿಯುವ ಹಾಗಿಲ್ಲ. ಮರದ ಲೆಕ್ಕದಲ್ಲಿ ಸರ್ಕಾರದಿಂದ ಒಂದಷ್ಟು ದುಡ್ಡು ಬರುತ್ತದೆ. ಹಣ್ಣು ಬಡಿದು ಮಾರಿದ್ದರೆ ಎಷ್ಟು ಬರುತ್ತಿತ್ತು ಅಂತ ನಾನು ಕೇಳಲು ಹೋಗಲಿಲ್ಲ. ಹಕ್ಕಿ ಪ್ರೀತಿಯ ಬಗ್ಗೆ ನಾವು ಪಟ್ಟಣದವರು ಮಾತಾಡುವಾಗ ಈ ಒಣಗದ ಬಟ್ಟೆ ನಮ್ಮ ಕಣ್ಣಿಗೆ ಬೀಳುವುದಿಲ್ಲ. ನನಗೆ ಆ ಹೆಣ್ಣುಮಗಳ ಮೇಲೆ ತುಂಬ ಗೌರವ ಬಂತು.

ಬದಲಿಗೆ ಹಕ್ಕಿ ಕೊಡುವುದು ಗೊಬ್ಬರ. ಹಕ್ಕಿ ಬರುವ ಮೊದಲು ಕೆರೆಯ ಗೋಡು, ಅಂದರೆ ಹೂಳುಮಣ್ಣು, ತಂದು ಮರದ ಬುಡದ ಸುತ್ತ ಹರಡುತ್ತಾರೆ. ಹಿಕ್ಕೆ ಅದರ ಮೇಲೆ ಬಿದ್ದು ಬಿದ್ದು ಮಣ್ಣಿನಲ್ಲಿ ಇಂಗುತ್ತದೆ. ಹಕ್ಕಿ ಹೋದ ಮೇಲೆ ಗೋಡನ್ನು ಕೆರೆದು ಗದ್ದೆಗೆ ಹೊರುತ್ತಾರೆ. ಮೀನು ತಿಂದ ಹಕ್ಕಿಯ ಹಿಕ್ಕೆಗೆ ಅಂಗಡಿ ಗೊಬ್ಬರ ಸಾಟಿಯಿಲ್ಲ ಅಂತ ಗೆಳೆಯನ ಖಂಡಿತದ ಮಾತು. ಗೋಡೆ ನಿಂತುಹೋದ ಗುಟ್ಟೂ ಇಲ್ಲೇ ಇತ್ತು. ಗೋಡು ಹರಡಬೇಕಾದರೆ ಮರದ ಸುತ್ತ ಬಯಲು ಬೇಕು, ಗೋಡೆಯ ಪಾಯ ತೋಡಿದರೆ ಬೇರು ಸಾಯುತ್ತದೆ. ಪಾಲಿನ ದಿನ ಅಡುಗೆಮನೆಯ ಕೊಳದಪ್ಪಲೆಯ ತನಕ ಲೆಕ್ಕ ಹಾಕಿದ ಅಣ್ಣತಮ್ಮಂದಿರು, ಮರದ ಹತ್ತಿರ ಬಂದಾಗ ಸುಮ್ಮನಾದರಂತೆ. ಅವ್ವ ‘ಮರ ನಿಮ್ಮಪ್ಪಂದೂ ಅಲ್ಲ, ನಿಮ್ದೂ ಅಲ್ಲ. ಅದು ಕೂಡಿಗಿರ್ಲಿ’ ಅಂದರು. ಇಬ್ಬರೂ ಎದುರಾಡಲಿಲ್ಲ. ಮಾತು ಬಿಟ್ಟದ್ದು ಮಾತ್ರ ಬಿಟ್ಟದ್ದೇ. ಅಂಗೈಯಗಲ ಜಾಗದಲ್ಲಿ ಬೆಳಗಾದರೆ ಮುಖ ನೋಡಿಕೊಂಡು ಮಾತಾಡದೆ ವರ್ಷಗಟ್ಟಲೆ ಇರುವುದು ಎಂಥ ನೋವು! ಗೆಳೆಯ ಅದನ್ನು ಹೇಳುವಾಗ ಹೊಗೆಸೊಪ್ಪು ಉಜ್ಜುತ್ತಾ ನೆಲ ನೋಡುತ್ತಿದ್ದ.

ಮುದ್ದೆ, ಅವರೆಕಾಳಿನ ಸಾರು ಉಂಡು ಹಿತ್ತಿಲಿನ ಹುರಿಮಂಚದ ಮೇಲೆ ಮಲಗಿಕೊಂಡು ಮರ ನೋಡತೊಡಗಿದೆವು. ನೆತ್ತಿಯ ಬಿಸಿಲಿಗೆ ಕೊಕ್ಕರೆಯೊಂದು ರೆಕ್ಕೆಗಳನ್ನು ಅರ್ಧ ಬಿಚ್ಚಿ, ಸೂರ್ಯನಿಗೆ ಬೆನ್ನು ಕೊಟ್ಟು ನಿಂತಿತ್ತು. ಅದರ ನೆರಳು ಗೂಡಿನ ಮೇಲೆ ಬೀಳುತ್ತಿತ್ತು, ಮರಿಗಳು ಆ ನೆರಳಿನೊಳಗೆ. ಸೂರ್ಯ ಸರಿದ ಹಾಗೆ ತಾಯಿಯೂ ಸ್ವಲ್ಪ ಸ್ವಲ್ಪವೇ ತಿರುಗುತ್ತಿತ್ತು. ಪಕ್ಕದ ಕೊಂಬೆಯಲ್ಲಿ ಹೆಜ್ಜಾರ್ಲೆ ಬಂದು ಕೂತಿದ್ದೇ ತಡ, ಮರಿ ಇಡೀ ತಲೆಯನ್ನೇ ಅದರ ಗಂಟಲಚೀಲದೊಳಗೆ ತುರುಕಿತು. ಕತ್ತಿನ ತನಕ ಒಳಗೆ. ಒಂದು ಹೋಗಿ ಇನ್ನೊಂದು. ತಾಯಿ ಕಣ್ಣು ಅರೆಮುಚ್ಚಿ ಸಹಿಸಿಕೊಂಡಿತ್ತು. ಇದಕ್ಕೆ ಅವು ತೈಲೂರು ಕೆರೆ, ಸೂಳೆಕೆರೆ ಅಂತ ದಿನವೆಲ್ಲ ಹಾರಿ ಮೀನು ತರಬೇಕು.

‘ಆ ವರ್ಷ ನೋಡೋಕಾಗ್ಲಿಲ್ಲ ಕಣ್ಲಾ’ ಅಂದ ಗೆಳೆಯ, 2017ರ ಕೊನೆಯಿಂದ ಹೆಜ್ಜಾರ್ಲೆಗಳು ಸತ್ತದ್ದನ್ನು ನೆನೆದು. ಮೀನಿನಿಂದ ಬಂದ ಹುಳು ಹೊಟ್ಟೆ ಸೇರಿತ್ತು ಅಂತ ಪರೀಕ್ಷೆ ಮಾಡಿದ ಡಾಕ್ಟರು ಹೇಳಿದರು. ದೊಡ್ಡ ದೊಡ್ಡ ಹಕ್ಕಿಗಳೇ ಕತ್ತು ಜೋತು ಹಾಕಿ ಕೂತು, ಕೂತಲ್ಲಿಂದಲೇ ಉದುರಿದವು. ಬೆಳಗ್ಗೆ ಎದ್ದು ಅಂಗಳಕ್ಕೆ ಬರಲು ಅವ್ವ ಹೆದರುತ್ತಿದ್ದರಂತೆ.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಗಾಳಿ ಎದ್ದಿತು. ತರಗು, ಧೂಳು, ಕೊಂಬೆಗಳ ತೂಗಾಟ. ಮೇಲೆ ಏನೋ ಜಾರಿದ ಸದ್ದು, ಕೊಂಬೆಯಿಂದ ಕೊಂಬೆಗೆ ಬಡಿದುಕೊಂಡು ಬಂದು ಗೋಡಿನ ಮೇಲೆ ದೊಪ್ಪೆಂದು ಬಿತ್ತು. ಹೆಜ್ಜಾರ್ಲೆ ಮರಿ. ಮರಿ ಅಂದರೆ ಕೈಯಲ್ಲಿ ಹಿಡಿಯುವಷ್ಟಲ್ಲ, ನಾಟಿ ಹುಂಜಕ್ಕಿಂತ ದಪ್ಪ. ಬಿದ್ದ ರಭಸಕ್ಕೆ ನುಂಗಿದ್ದ ಮೀನನ್ನೆಲ್ಲ ಕಕ್ಕಿತು. ಬೀದಿನಾಯಿಯೊಂದು ಬೇಲಿಯ ಸಂದಿಯಿಂದ ಆಗಲೇ ತಲೆ ಹಾಕಿತ್ತು.

ಗೆಳೆಯ ಹೆಗಲ ಮೇಲಿನ ಟವೆಲ್ ತೆಗೆದುಕೊಂಡು ಓಡಿದ. ಅವನಿಗಿಂತ ಮೊದಲು ಗೋಡೆಯ ಆ ಕಡೆಯಿಂದ ತಮ್ಮ ಬಂದಿದ್ದ, ಕೈಯಲ್ಲಿ ದೊಡ್ಡ ಮಂಕರಿ. ನಾಯಿಯನ್ನು ಅಟ್ಟಿದ್ದೂ ಅವನೇ. ಅಣ್ಣ ಟವೆಲನ್ನು ಮರಿಯ ತಲೆಯ ಮೇಲೆ ಹಾಕಿದ. ‘ರೆಕ್ಕೆ ನೋಡು’ ಅಂದ. ತಮ್ಮ ಮಂಡಿಯೂರಿ ಒಂದೊಂದೇ ರೆಕ್ಕೆ ಬಿಚ್ಚಿ, ಮೂಳೆಯ ಗುಂಟ ಬೆರಳಾಡಿಸಿ, ‘ಮುರ್ದಿಲ್ಲ. ಎಡಗಾಲು ಉಳುಕ್ದಂಗದೆ’ ಅಂದ. ‘ಕೊಕ್ಕು ಬಿಗಿಯಾಗ್ ಹಿಡೀಬ್ಯಾಡ, ಉಸಿರಾಡ್ಲಿ.’ ‘ಹೂಂ.’ ವರ್ಷಗಟ್ಟಲೆ ಮಾತಿಲ್ಲದ ಇಬ್ಬರ ನಡುವೆ ನಾನು ಕೇಳಿದ ಮಾತು ಇಷ್ಟು. ನಾನು ಹತ್ತಿರದಲ್ಲೇ ಕೂತು ಮರಿಯನ್ನು ನೋಡಿದೆ. ಬಿಳಿ ತುಪ್ಪಳದ ನಡುವೆ ಬೂದು ಗರಿ ಮೊಳೆಯುತ್ತಿತ್ತು. ದೊಡ್ಡ ಹಕ್ಕಿಗಳ ಮೇಲ್ಗೊಕ್ಕಿನ ಅಂಚಿಗೆ ಇರುವ ನೀಲಿ ಚುಕ್ಕೆಗಳು ಇದಕ್ಕೆ ಇನ್ನೂ ಬಂದಿರಲಿಲ್ಲ. ಗಂಟಲ ಚೀಲದ ತೆಳುಚರ್ಮ ಉಸಿರಿಗೊಮ್ಮೆ ಅದುರುತ್ತಿತ್ತು, ಬೆಳಕಿಗೆ ಒಳಗಿನ ನರ ಕೂಡ ಕಾಣುತ್ತಿತ್ತು.

ಬಿದ್ದ ಮರಿಯನ್ನು ತಾಯಿ ಮತ್ತೆ ಎತ್ತಿಕೊಳ್ಳುವುದಿಲ್ಲ. ಅಂಥವನ್ನು ಸಾಕಿ, ಹಾರುವ ಹಾಗಾದ ಮೇಲೆ ಬಿಡಲು ಊರಿನಲ್ಲಿ ಬಲೆ ಹಾಕಿದ ಒಂದು ಆವರಣ ಇದೆ. ಊರ ಹುಡುಗರ ಹೆಜ್ಜಾರ್ಲೆ ಬಳಗ ಈ ಕೆಲಸ ಶುರುಮಾಡಿತು. ಮಂಕರಿಯ ಒಂದು ಕಿವಿ ಅಣ್ಣ, ಇನ್ನೊಂದು ತಮ್ಮ ಹಿಡಿದುಕೊಂಡು ಬೀದಿಯಲ್ಲಿ ನಡೆದರು. ನಾನು ಹಿಂದೆ. ಜಗಲಿಯ ಮೇಲೆ ಕೂತವರು ‘ಯಾವ ಮರದ್ದು?’ ಅಂತ ಕೇಳಿದರು. ಇಬ್ಬರೂ ಒಟ್ಟಿಗೆ ‘ನಮ್ದು’ ಅಂದರು.

ಆವರಣದಲ್ಲಿ ಆಗಲೇ ನಾಲ್ಕೈದು ಮರಿಗಳಿದ್ದವು. ಹೊಸಬನನ್ನು ಬಿಟ್ಟಾಗ ಅದು ಮೂಲೆಗೆ ಕುಂಟುತ್ತಾ ಹೋಗಿ ಕೂತಿತು. ನೋಡಿಕೊಳ್ಳುವ ಹುಡುಗ ಬಕೆಟ್ಟಿನಿಂದ ಸಣ್ಣ ಮೀನು ತೆಗೆದು ಮುಂದೆ ಹಿಡಿದ. ಮುಟ್ಟಲಿಲ್ಲ. ‘ಸಂಜೀಗ್ ತಿಂತದೆ ಬುಡಿ. ಹೊಟ್ಟೆ ಹಸ್ದ್ರೆ ಹೆದ್ರಿಕೆ ಇರಕಿಲ್ಲ’ ಅಂದ. ನಾವು ಮೂವರೂ ಬೇಲಿಗೆ ಒರಗಿಕೊಂಡು ಸುಮಾರು ಹೊತ್ತು ನಿಂತೆವು. ಹೊತ್ತು ಮುಳುಗುವ ಮೊದಲು ಒಂದು ಮೀನು ಕೊಕ್ಕಿನ ಚೀಲಕ್ಕೆ ಹೋಯಿತು. ತಮ್ಮ ‘ಬದುಕ್ತು’ ಅಂದ. ಅಣ್ಣನ ಕಡೆ ನೋಡಿ ಹೇಳಿದ್ದು ಅದು. ಖಾಲಿ ಮಂಕರಿಯನ್ನು ತಲೆಯ ಮೇಲೆ ಕವುಚಿಕೊಂಡು ಮನೆ ಕಡೆ ಹೊರಟ.

ಕೊನೆಯ ರೈಲಿಗೆ ಗೆಳೆಯ ನನ್ನನ್ನು ಮದ್ದೂರಿಗೆ ಬಿಟ್ಟ. ದಾರಿಯಲ್ಲಿ ಹೆಚ್ಚು ಮಾತಿಲ್ಲ. ಸ್ಟೇಷನ್ನಿನಲ್ಲಿ ವಡೆ ಕಟ್ಟಿಸಿ ಕೊಟ್ಟು, ‘ಪ್ರತಿ ಸಲ ಗೋಡು ನಾನೊಬ್ನೇ ಹಾಕಿಸ್ತಿದ್ದೆ. ಹೊರೋವಾಗ ಮಾತ್ರ ಈ ಕಡೀದು ಈ ಕಡೆ, ಆ ಕಡೀದು ಆ ಕಡೆ ಅಂತ ಅವ್ನು ಬೇರೆ ಗಾಡಿ ತರಿಸೋನು. ಈ ವರ್ಷ ಒಂದೇ ಟ್ರ್ಯಾಕ್ಟರ್ ಸಾಕು ಅಂತ ಕೇಳಿ ನೋಡ್ಲಾ?’ ಅಂದ.

‘ಕೇಳು. ಇವತ್ತೇ ಕೇಳು’ ಅಂದೆ.

ಮಾರನೇ ದಿನ ಫೋನು ಮಾಡಿದಾಗ ಮರಿಯ ಕಾಲಿನ ಊತ ಇಳಿದಿದೆ, ಮೀನು ತಿನ್ನುತ್ತಿದೆ ಅಂತ ಹೇಳಿದ. ಟ್ರ್ಯಾಕ್ಟರಿನ ವಿಷಯ ಕೇಳಿದೆ. ‘ಹೂಂ ಅಂದವ್ನೆ’ ಅಂದ. ಗೊಬ್ಬರ ಹೊರುವ ದಿನಕ್ಕೆ ನಾನೂ ಬರುತ್ತೇನೆ ಅಂತ ಹೇಳಿದ್ದೇನೆ.