ಗುಜರಿ ತಗಡಿನ ಬಾಗಿಲು

2004ರ ಡಿಸೆಂಬರ್ 8, ಕುವೈತಿನ ಕ್ಯಾಂಪ್ ಬ್ಯೂರಿಂಗ್. ಇರಾಕಿಗೆ ಹೊರಟು ನಿಂತಿದ್ದ ಅಮೆರಿಕದ ಸೈನಿಕನೊಬ್ಬ ರಕ್ಷಣಾ ಸಚಿವ ಡೊನಾಲ್ಡ್ ರಮ್ಸ್‌ಫೆಲ್ಡ್ ಅವರನ್ನು ಎದುರಿಗೇ ಕೇಳಿದ: ನಮ್ಮ ಗಾಡಿಗಳಿಗೆ ಕವಚ ಹೊಂದಿಸಲು ನಾವೇ ಗುಜರಿ ರಾಶಿ ಕೆದಕಬೇಕೇ? ಸುತ್ತಲಿದ್ದವರು ಚಪ್ಪಾಳೆ ತಟ್ಟಿದರು. ಟ್ಯಾಂಕಿಗೆ ಎಷ್ಟೇ ಕವಚವಿದ್ದರೂ ಅದನ್ನೂ ಉಡಾಯಿಸಬಹುದು ಎಂದರು ಸಚಿವರು. ಮಾತು ಸುಳ್ಳಲ್ಲ, ಆದರೆ ಕೇಳಿದ ಪ್ರಶ್ನೆಗೆ ಅದು ಉತ್ತರವೂ ಅಲ್ಲ.

ಹಂವೀ ಅಂದರೆ ಅಮೆರಿಕ ಸೇನೆಯ ಜೀಪಿನಂಥ ಗಾಡಿ. ಸಾದಾ ಹಂವೀಗಳಲ್ಲಿ ಎಷ್ಟೋ ಬಾಗಿಲುಗಳು ಬರೀ ಕ್ಯಾನ್ವಾಸಿನವು. ಅದಕ್ಕೆ ಹೋಲಿಸಿದರೆ ಗುಜರಿಯ ಎಂಎಸ್ (ಸಾದಾ ಮೆದು ಉಕ್ಕಿನ) ಪ್ಲೇಟೂ ವಾಸಿ, ಸಿಡಿದ ಚೂರುಗಳನ್ನಾದರೂ ಒಂದಷ್ಟು ತಡೆಯುತ್ತದೆ. ಆದರೆ ತೆಳು ಪ್ಲೇಟನ್ನು ರೈಫಲ್ ಗುಂಡು ತೂರಿಕೊಂಡು ಬರುತ್ತದೆ. ಬರುವಾಗ ಪ್ಲೇಟಿನ ಒಳಮೈಯಿಂದಲೇ ಕಿತ್ತ ಚೂರುಗಳನ್ನೂ ಹೊತ್ತು ತರುತ್ತದೆ. ಕವಚದ ಉಕ್ಕು ಬೇರೆಯೇ, ಕಾಯಿಸಿ ತಣಿಸಿ ಗಟ್ಟಿ ಮಾಡಿದ್ದು. ಅದನ್ನು ಗ್ಯಾಸ್‌ನಲ್ಲಿ ಕತ್ತರಿಸಿದರೆ ಅಥವಾ ಹೇಗೆಂದರೆ ಹಾಗೆ ವೆಲ್ಡ್ ಮಾಡಿದರೆ ಕಾದ ಅಂಚು ಮೆತ್ತಗಾಗುತ್ತದೆ, ಇಲ್ಲವೇ ಬಿರುಕು ಬಿಡುತ್ತದೆ.

ಇನ್ನು ತೂಕ. ಖಾಲಿ ಎಂ998 ಹಂವೀ ಸುಮಾರು 2.4 ಟನ್. ಕವಚ ಸಮೇತ ತಯಾರಾದ ಎಂ1114 ಖಾಲಿಯಿದ್ದಾಗಲೇ ಸುಮಾರು 4.5 ಟನ್, ಅದಕ್ಕೆ ತಕ್ಕಂತೆ ಅದರ ಎಂಜಿನ್, ಸಸ್ಪೆನ್ಷನ್ ಎರಡನ್ನೂ ಬಲಪಡಿಸಿದ್ದರು. ಹಳೆ ಚಾಸಿಯ ಮೇಲೆ ಸುಮ್ಮನೆ ಪ್ಲೇಟ್ ಹೇರಿದರೆ ಸ್ಪ್ರಿಂಗ್ ಕೂರುತ್ತದೆ, ಬ್ರೇಕ್ ಕಾಯುತ್ತದೆ, ಬಾಗಿಲಿನ ಕೀಲು ಜೋಲುತ್ತದೆ. ಮೇಲಿನ ಗನ್ನರ್ ಗೋಪುರಕ್ಕೂ ಉಕ್ಕು ಸುತ್ತಿದರಂತೂ ಗಾಡಿಯ ತಲೆಭಾರ ಹೆಚ್ಚುತ್ತದೆ. ಇರಾಕಿನ ಕಾಲುವೆ ದಂಡೆಯ ಮಣ್ಣು ಕುಸಿದು ಇಂಥ ಗಾಡಿಗಳು ತಲೆಕೆಳಗಾಗಿ ನೀರಿಗೆ ಬಿದ್ದವು. ಒಳಗಿದ್ದವರಿಗೆ ಆ ಭಾರದ ಬಾಗಿಲನ್ನು ನೂಕಲು ಆಗಲಿಲ್ಲ. ಆಮೇಲೆ ಬಾಗಿಲಿನ ಹೊರಗಡೆ ಕೊಕ್ಕೆ ಕೂರಿಸಿದರು, ಇನ್ನೊಂದು ಗಾಡಿ ಸರಪಳಿ ಹಾಕಿ ಕಿತ್ತೆಳೆಯಲೆಂದು. ತರಬೇತಿಗೆಂದು ಸೈನಿಕರನ್ನು ತಿರುಗುವ ಕ್ಯಾಬಿನ್‌ನಲ್ಲಿ ಕೂರಿಸಿ, ತಲೆಕೆಳಗಾದಾಗ ಒಂದು ಕೈ ಚಾವಣಿಗೆ ಊರಿಯೇ ಬೆಲ್ಟ್ ಬಿಚ್ಚಬೇಕೆಂದು ಕಲಿಸಿದರು.

ಇಷ್ಟಾದರೂ ತಳ ಚಪ್ಪಟೆಯೇ, ನೆಲದಿಂದ ಸುಮಾರು 40 ಸೆಂ.ಮೀ. ಎತ್ತರವಷ್ಟೇ. ಅಡಿಯಲ್ಲಿ ಸಿಡಿದದ್ದೆಲ್ಲ ನೇರ ಕಾಲಿಗೆ. ದಕ್ಷಿಣ ಆಫ್ರಿಕಾದ ಕವಚದ ಗಾಡಿ ಕ್ಯಾಸ್ಪಿರ್‌ನ ತಳ ದೋಣಿಯಂತೆ ವಿ ಆಕಾರದ್ದು, ಎತ್ತರದ್ದು; ಸ್ಫೋಟದ ಒತ್ತಡ ಎರಡೂ ಪಕ್ಕಕ್ಕೆ ಜಾರಿಹೋಗುತ್ತದೆ. ಚಕ್ರದಡಿ 21 ಕಿಲೋ, ಒಡಲಿನಡಿ 14 ಕಿಲೋ ಟಿಎನ್‌ಟಿ ಸ್ಫೋಟಕ ತಾಳುವಂತೆ ಅದನ್ನು ಕಟ್ಟಿದ್ದರು. 2007ರಿಂದ ಇದೇ ಮಾದರಿಯ, ನೆಲಬಾಂಬು ತಾಳಲೆಂದೇ ಕಟ್ಟಿದ ಕವಚದ ಗಾಡಿಗಳಾದ ಎಂರ‍್ಯಾಪ್‌ಗಳು ಇರಾಕಿಗೆ ಸಾವಿರಗಟ್ಟಲೆ ಬಂದವು. ಆದರೆ ರಸ್ತೆ ಪಕ್ಕದ ಕೆಲವು ಬಾಂಬುಗಳು ಸಿಡಿದಾಗ ಅವುಗಳ ತಾಮ್ರದ ತಟ್ಟೆಯೇ ಉಂಡೆಯಾಗಿ ಗುಂಡಿನಂತೆ ಪಕ್ಕದಿಂದ ನುಗ್ಗುತ್ತದೆ; ಅದಕ್ಕೆ ವಿ ತಳದಲ್ಲಿ ಉತ್ತರವಿಲ್ಲ. ಇನ್ನೊಂದನ್ನು ಗಾಡಿಯವರೇ ನೋಡಿಕೊಳ್ಳಬೇಕು: ಸ್ಫೋಟಕ್ಕೆ ಗಾಡಿ ಎಗರಿದಾಗ, ಪಟ್ಟಿಯಲ್ಲಿ ಬಿಗಿಯದೆ ಬಿಟ್ಟ ಮದ್ದುಗುಂಡಿನ ಡಬ್ಬಿ ಒಳಗಿದ್ದವರ ತಲೆಗೇ ಬಡಿಯುತ್ತದೆ.