ಮೇಕೆಯ ಪಿತ್ತಕೋಶ ಬೆಳಗಿತು: ನಾಲ್ಕನೇ ಭಾನುವಾರ

ಪಿತ್ತನಾಳವನ್ನು ಹೊಳೆಯಿಸಿ ಕ್ಯಾಮೆರಾದಲ್ಲಿ ತೋರಿಸುವ ಪೆಟ್ಟಿಗೆಯೊಂದನ್ನು ಭಾನುವಾರಗಳಲ್ಲಿ ಕಟ್ಟುತ್ತಿದ್ದೇನೆ. ಮೂರು ಭಾನುವಾರ ಪರದೆ ತುಂಬ ಬರೀ ಬಿಳಿ ಮಂಜು. ಈ ವಾರ ನಾಳ ಕಂಡಿತು!

ಲ್ಯಾಪ್ರೊಸ್ಕೋಪಿಯಲ್ಲಿ, ಅಂದರೆ ಸಣ್ಣ ರಂಧ್ರಗಳ ಮೂಲಕ ಕ್ಯಾಮೆರಾ ಇಳಿಸಿ, ಪಿತ್ತಕೋಶ ತೆಗೆಯುವಾಗ ಸರ್ಜನ್‌ಗಳಾದ ನಮ್ಮನ್ನು ಕಾಡುವ ದೊಡ್ಡ ಭಯವೆಂದರೆ, ಪಿತ್ತಕೋಶದ ನಾಳವೆಂದು ತಿಳಿದು ಮುಖ್ಯ ಪಿತ್ತನಾಳವನ್ನೇ ಕತ್ತರಿಸಿಬಿಡುವುದು. ಇಂಡೊಸಯನೈನ್ ಗ್ರೀನ್ ಎಂಬ ಬಣ್ಣ, ಆಪರೇಷನ್ ಥಿಯೇಟರಿನ ಮಾತಿನಲ್ಲಿ ಐಸಿಜಿ, ಇಲ್ಲಿ ನೆರವಿಗೆ ಬರುತ್ತದೆ. ರಕ್ತಕ್ಕೆ ಕೊಟ್ಟ ಬಣ್ಣವನ್ನು ಲಿವರ್ ಹೀರಿಕೊಂಡು ಪಿತ್ತದೊಳಕ್ಕೆ ಬಿಡುತ್ತದೆ. 800 ನ್ಯಾನೊಮೀಟರ್ ಆಸುಪಾಸಿನ ತರಂಗಾಂತರದ ಬೆಳಕು ಬಿದ್ದರೆ ಅದು 830ರ ಹತ್ತಿರ ಹೊಳೆಯುತ್ತದೆ. ಕಣ್ಣಿಗೆ ಕಾಣದ ಆ ಹೊಳಪು ಕ್ಯಾಮೆರಾಗೆ ಕಾಣುತ್ತದೆ. ಅಮೆರಿಕದಲ್ಲಿ 1959ರಲ್ಲೇ ಅನುಮತಿ ಪಡೆದ ಔಷಧ ಇದು. ಆದರೆ ಕ್ಯಾಮೆರಾದ ಬೆಲೆ ಸಣ್ಣ ಆಸ್ಪತ್ರೆಗೆ ಎಟುಕದು. ನಮ್ಮ ಜೂನಿಯರ್‌ಗಳು ಒಮ್ಮೆಯೂ ಇದನ್ನು ನೋಡದೆ ಪಿಜಿ ಮುಗಿಸಬಾರದು ಎಂಬ ಆಸೆಯಿಂದ ಈ ಅಭ್ಯಾಸದ ಪೆಟ್ಟಿಗೆ ಕಟ್ಟುತ್ತಿದ್ದೇನೆ. ರೋಗಿಗಳ ಮೇಲೆ ಇದರ ಬಳಕೆ ಇಲ್ಲವೇ ಇಲ್ಲ.

ಇನ್‌ಫ್ರಾರೆಡ್ ಫಿಲ್ಟರ್ ಇಲ್ಲದ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರಿನ ಕ್ಯಾಮೆರಾ, ಅದರ ಮುಂದೆ 830ಕ್ಕಿಂತ ಕೆಳಗಿನದನ್ನು ತಡೆಯುವ ಗಾಜು, ಪಕ್ಕದಲ್ಲಿ 780ರ ಎಲ್‌ಇಡಿಗಳು. ತಪ್ಪು ಇದ್ದದ್ದು ಎಲ್‌ಇಡಿಯಲ್ಲಿ. 780 ಎಂದು ಬರೆದಿದ್ದರೂ ಅದರ ಬೆಳಕಿನ ಬಾಲ 830ರಾಚೆಗೂ ಚಾಚಿರುತ್ತದೆ, ಮಂಜು ಅದೇ. ಎಲ್‌ಇಡಿಯ ಮುಂದೆಯೂ ಆ ಬಾಲವನ್ನು ತಡೆಯುವ ಒಂದು ಫಿಲ್ಟರ್ ಕೂರಿಸಿದೆ, ಹಿನ್ನೆಲೆ ಕಪ್ಪಾಯಿತು.

ಮಟನ್ ಅಂಗಡಿಯವನಿಗೆ ಹಿಂದಿನ ದಿನವೇ ಹೇಳಿದ್ದೆ: ಪಿತ್ತ ಒಡೆಯದ ಹಾಗೆ, ನಾಳದ ಸಮೇತ ಲಿವರ್ ಬೇಕು. "ಅದು ಕಹಿ ಡಾಕ್ಟ್ರೇ, ನಾವು ಎಸೆಯೋದು" ಅಂದ, ಆದರೂ ಜೋಪಾನವಾಗಿ ಎತ್ತಿಟ್ಟಿದ್ದ. ಅವನಿಗೆ ನಾನು ಋಣಿ.

ಬಣ್ಣಕ್ಕೆ, ವಿಭಾಗದ ಒಪ್ಪಿಗೆ ಪಡೆದು, ಅವಧಿ ಮುಗಿದ 25 ಮಿ.ಗ್ರಾಂ. ವಯಲ್ ತಂದಿದ್ದೆ. 10 ಮಿ.ಲೀ. ನೀರಿಗೆ ಕಲಸಿ ನೇರವಾಗಿ ಚುಚ್ಚಿದರೆ ಪಿತ್ತಕೋಶ ಕಪ್ಪಗೆ ಕುಳಿತಿತ್ತು. ಹೊಳೆಯಲೇ ಇಲ್ಲ. ಬಣ್ಣ ದಟ್ಟವಾದರೆ ಅದರ ಕಣಗಳು ಒಂದರ ಬೆಳಕನ್ನು ಇನ್ನೊಂದು ನುಂಗುತ್ತವೆ. ಪುಸ್ತಕದಲ್ಲಿ ಓದಿದ್ದೆ, ಕೈಗೆ ಬಂದದ್ದು ಇವತ್ತು. ಎರಡನೇ ಪಿತ್ತಕೋಶಕ್ಕೆ ನೂರು ಪಟ್ಟು ತೆಳು ಮಾಡಿ ಹಾಕಿದೆ. ಪಿತ್ತದೊಡನೆ ಬೆರೆತದ್ದೇ ತಡ, ಪಿತ್ತಕೋಶದಿಂದ ನಾಳದ ತುದಿಯವರೆಗೆ ಬೆಳ್ಳಗೆ ಒಂದು ಗೆರೆ. ಎಷ್ಟೋ ಹೊತ್ತು ಸುಮ್ಮನೆ ನೋಡುತ್ತಾ ನಿಂತೆ.

ನಾಳದ ಮೇಲೆ ಕೋಳಿ ಕೊಬ್ಬಿನ ತೆಳು ಪದರ ಹಾಸಿದಾಗಲೂ ಗೆರೆ ಉಳಿಯಿತು. ಪದರ ಒಂದು ಸೆಂ.ಮೀ. ಮುಟ್ಟುವ ಹೊತ್ತಿಗೆ ಅಳಿಸಿಹೋಯಿತು. ಉರಿಯೂತದಿಂದ ದಪ್ಪಗಾದ ಕಡೆ ಈ ಬಣ್ಣವನ್ನೇ ನಂಬಿ ಕತ್ತರಿ ಹಾಕಬಾರದು ಎಂದು ಜೂನಿಯರ್‌ಗಳಿಗೆ ಮೊದಲು ತೋರಿಸಬೇಕಾದದ್ದು ಇದನ್ನೇ.

ಒಂದು ಕೊರತೆ ಉಳಿದಿದೆ. ರೋಗಿಯಲ್ಲಿ ಲಿವರ್ ಕೂಡ ಹೊಳೆದು ನಾಳವನ್ನು ಮುಳುಗಿಸುತ್ತದೆ, ಅದಕ್ಕೇ ಬಣ್ಣವನ್ನು ಕೆಲವು ಗಂಟೆ ಮೊದಲೇ ಕೊಡುವುದು. ನನ್ನ ಮೇಕೆ ಲಿವರ್ ಕಪ್ಪಗೇ ಇದೆ. ಮುಂದಿನ ವಾರ ಅದಕ್ಕೆ ಕರುಳಿನಿಂದ ರಕ್ತ ತರುವ ಪೋರ್ಟಲ್ ರಕ್ತನಾಳಕ್ಕೂ ತೆಳು ಬಣ್ಣ ಹರಿಸಿ ನೋಡುತ್ತೇನೆ.